ತಲೆ ಮುಂದೆ, ಭಾರ ಹಿಂದೆ: ಒಂದು ಹೀಲ್ ಸೈಡ್ ತಿರುವಿನ ಪ್ರಕರಣ ಅಧ್ಯಯನ

ಸ್ನೋಬೋರ್ಡ್ ಮೇಲೆ ಹಿಮದ ಬೆಟ್ಟ ಇಳಿಯುವಾಗ ನನ್ನ ಗೆಳತಿಯೊಬ್ಬಳ ಹೀಲ್ ಸೈಡ್ ತಿರುವು, ಅಂದರೆ ಹಿಮ್ಮಡಿ ಕಡೆಯ ಅಂಚಿನ ಮೇಲೆ ತಿರುಗುವುದು, ಪ್ರತಿ ಸಲ ಒಂದೇ ಜಾಗದಲ್ಲಿ ಕೈ ಕೊಡುತ್ತಿತ್ತು. ಒಂದೇ ಜಾಗ ಅಂದರೆ ಬೆಟ್ಟದಲ್ಲಿ ಅಲ್ಲ, ತಿರುವಿನಲ್ಲಿ. ಬೋರ್ಡ್ ನೇರ ಕೆಳಮುಖ ಆಗಿ, ಅಲ್ಲಿಂದ ಅಡ್ಡಕ್ಕೆ ತಿರುಗಿ, ಇನ್ನೇನು ತಿರುವು ಮುಗಿಯಿತು ಅನ್ನುವಾಗ ಕಾಲ ಕೆಳಗೆ ಗಡಗಡಗಡ ಅಂತ ನಡುಗಿ, ಟೇಲ್, ಅಂದರೆ ಬೋರ್ಡಿನ ಹಿಂದಿನ ತುದಿ, ಕೆಳಕ್ಕೆ ಜಾರಿ, ಕುಂಡಿ ಹಿಮದ ಮೇಲೆ. ಟೋ ಸೈಡ್‌ನಲ್ಲಿ, ಅಂದರೆ ಕಾಲ್ಬೆರಳ ಕಡೆಯ ಅಂಚಿನ ಮೇಲೆ, ಏನೂ ತೊಂದರೆ ಇಲ್ಲ. ನೋಡೋಕೆ ಚೆನ್ನಾಗಿಯೇ ಇರುತ್ತಿತ್ತು. ಒಂದು ತಿರುವು ಚಂದ, ಒಂದು ತಿರುವು ಬೀಳು, ಹೀಗೇ ಬೆಟ್ಟ ಪೂರ್ತಿ.

ಮೊದಲು ಒಂದಿಷ್ಟು ವಿವರ. ಇದು ಅವಳ ಮೂರನೇ ಸೀಸನ್, ಒಟ್ಟು 30 ದಿನ ಬೋರ್ಡ್ ಮೇಲೆ ನಿಂತಿರಬಹುದು. ಎಡಗಾಲು ಮುಂದೆ, ಅಂದರೆ ರೆಗ್ಯುಲರ್. ಬೂಟು, ಹೆಲ್ಮೆಟ್, ಜಾಕೆಟ್ ಎಲ್ಲ ಸೇರಿ 60 ಕಿಲೋ. ಈ ತೂಕ ಆಮೇಲೆ ಲೆಕ್ಕಕ್ಕೆ ಬರುತ್ತದೆ. ಬೂಟನ್ನು ಬೋರ್ಡಿಗೆ ಬಿಗಿಯುವ ಎರಡು ಬೈಂಡಿಂಗ್‌ಗಳ ನಡುವೆ 58 ಸೆಂ.ಮೀ., ಕೋನ ಮುಂದಿನದು ಪ್ಲಸ್ 15, ಹಿಂದಿನದು ಮೈನಸ್ 15, ಅಂದರೆ ಬಾತುಕೋಳಿ ಥರ ಎರಡೂ ಪಾದ ಹೊರಕ್ಕೆ. ಹೈಬ್ಯಾಕ್, ಅಂದರೆ ಬೈಂಡಿಂಗ್‌ನಲ್ಲಿ ಮೀನಖಂಡದ ಹಿಂದೆ ನಿಲ್ಲುವ ಒರಗು, ನೆಟ್ಟಗೆ. ಅದು ಮುಂದಕ್ಕೆ ವಾಲುವ ಅಳತೆ, ಫಾರ್ವರ್ಡ್ ಲೀನ್, ಸೊನ್ನೆ. ಇಳಿಜಾರು ಹೆಚ್ಚುಕಮ್ಮಿ 15 ಡಿಗ್ರಿ, ಯಂತ್ರ ಓಡಿಸಿ ಸಮ ಮಾಡಿದ್ದು, ಬೆಳಗ್ಗೆ ಹೊತ್ತಿಗೆ ಸ್ವಲ್ಪ ಗಟ್ಟಿ.

ಅವಳ ದೂರು ಇಷ್ಟೇ (ನೋಸ್ ಅಂದರೆ ಬೋರ್ಡಿನ ಮುಂದಿನ ತುದಿ): "ಎಲ್ಲರೂ ಮುಂದೆ ಭಾರ ಹಾಕು ಅಂತಾರೆ. ಹಾಕ್ತಾನೇ ಇದೀನಲ್ಲೇ, ತಲೆ ನೋಸ್ ಮೇಲೇ ಇರತ್ತೆ. ಆದ್ರೂ ಯಾಕೆ ಜಾರತ್ತೆ?"

ನಾನೂ ಆ "ಎಲ್ಲರೂ" ಗುಂಪಿಗೆ ಸೇರಿದವಳೇ. ಮೊದಲ ದಿನ ನೋಡಿದ ತಕ್ಷಣ ಹೇಳಿದ್ದು, ಹಿಂದೆ ಕೂತಿದೀಯ, ಮುಂಗಾಲಿಗೆ ಇನ್ನೂ ಭಾರ ಹಾಕು ಅಂತ. ಹಾಕಿದಳು. ಅಂದರೆ ಇನ್ನೂ ಬಗ್ಗಿದಳು. ಬೀಳುವುದು ಜಾಸ್ತಿ ಆಯಿತು. ಒಂದು ಸಲ ಮೊಣಕೈ ಊರಿ ಬಿದ್ದಾಗ ಮಾತ್ರ ನನಗೆ ಸುಮ್ಮನೆ ಬಾಯಿಗೆ ಬಂದ ಸಲಹೆ ಕೊಡುತ್ತಿದ್ದೇನೆ ಅಂತ ಅನಿಸಿದ್ದು. ಸರಿ, ನಿಲ್ಲಿಸಿ ನೋಡೋಣ ಅಂದುಕೊಂಡೆ.

ನೋಡಿದ್ದು ಮೊದಲು ಅವಳನ್ನಲ್ಲ, ಅವಳ ಗೆರೆಯನ್ನು. ಬೋರ್ಡ್ ಹಿಮದ ಮೇಲೆ ಬಿಟ್ಟುಹೋಗುವ ಗುರುತಿನಷ್ಟು ಪ್ರಾಮಾಣಿಕ ಸಾಕ್ಷಿ ಬೇರೆ ಇಲ್ಲ, ವೀಡಿಯೋ ಕೂಡ ಕೋನ ತಪ್ಪಿದರೆ ಸುಳ್ಳು ಹೇಳುತ್ತದೆ. ಬೇರೆಯವರು ಓಡಾಡುವ ಮುಂಚೆ, ಬೆಳಗ್ಗೆ ಮೊದಲ ಇಳಿತಕ್ಕೆ ಅವಳನ್ನು ಮುಂದೆ ಬಿಟ್ಟು ನಾನು ಗೆರೆಯ ಪಕ್ಕದಲ್ಲೇ ನಿಧಾನಕ್ಕೆ ಇಳಿದೆ. ಟೋ ಸೈಡ್‌ನಲ್ಲಿ ಒಂದು ಅಂಗೈ ಅಗಲದ ಗೆರೆ, ಶುರುವಿಂದ ಕೊನೆವರೆಗೂ ಹೆಚ್ಚುಕಮ್ಮಿ ಅಷ್ಟೇ ಅಗಲ. ಹೀಲ್ ಸೈಡ್‌ನಲ್ಲಿ ತಿರುವಿನ ಮೇಲಿನ ಅರ್ಧದಲ್ಲಿ ಗೆರೆಯೇ ಇಲ್ಲ, ಬರೀ ಒರೆಸಿದ ಹಾಗಿದೆ. ಫಾಲ್ ಲೈನ್, ಅಂದರೆ ಇಳಿಜಾರಿನ ನೇರ ಕೆಳಮುಖ ದಿಕ್ಕು, ದಾಟಿದ ಮೇಲೆ ಒಮ್ಮೆಗೇ ಬೀಸಣಿಗೆ ಬಿಚ್ಚಿದ ಹಾಗೆ ಅಗಲ ಆಗಿ, ಅದರ ತುದಿಯಲ್ಲಿ ತಗಡಿನ ಶೀಟಿನ ಥರ ಅಲೆ ಅಲೆ. ಗಡಗಡ ಅಂದದ್ದು ಅಲ್ಲೇ. ಎಡ್ಜ್, ಅಂದರೆ ಬೋರ್ಡಿನ ಅಂಚು, ಕಚ್ಚುತ್ತದೆ, ಬಿಡುತ್ತದೆ, ಮತ್ತೆ ಕಚ್ಚುತ್ತದೆ. ಪ್ರತಿ ಅಲೆಯೂ ಒಂದು ಕಚ್ಚು.

ಮೇಲಿನ ಅರ್ಧದಲ್ಲಿ ಗೆರೆ ಇಲ್ಲದಿರುವುದೇ ದೊಡ್ಡ ಸುಳಿವು. ಬಿದ್ದದ್ದು ಕೊನೆಯಲ್ಲಿ, ಆದರೆ ತಪ್ಪು ಆಗಿದ್ದು ಶುರುವಿನಲ್ಲಿ. ಬಿದ್ದ ಜಾಗವನ್ನೇ ನೋಡುತ್ತಾ ಕೂತರೆ ಇದು ಸಿಗುವುದಿಲ್ಲ.

ಆಮೇಲೆ ಫೋನಿನಲ್ಲಿ ವೀಡಿಯೋ ತೆಗೆದೆವು, ಕೆಳಗೆ ನಿಂತು ಒಂದು, ಪಕ್ಕದಿಂದ ಒಂದು. ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಕಂಡದ್ದು ಹೀಗೆ. ಟೋ ಸೈಡ್ ಮುಗಿಯುವ ಹೊತ್ತಿಗೆ ಅವಳು ಬೆಟ್ಟಕ್ಕೆ ಮುಖ ಮಾಡಿ, ಹಿಂಗಾಲಿನ ಮೇಲೆ ತೂಗುಹಾಕಿಕೊಂಡ ಹಾಗೆ ನಿಂತಿರುತ್ತಾಳೆ. ಅಲ್ಲಿಂದ ಬಿಡಲು ಮನಸ್ಸಿಲ್ಲ, ಅದು ಅವಳಿಗೆ ಸುರಕ್ಷಿತ ಜಾಗ. ಒಂದು ಕ್ಷಣ ಹೆಚ್ಚೇ ನಿಲ್ಲುತ್ತಾಳೆ. ಆಮೇಲೆ ಧೈರ್ಯ ಮಾಡಿ ತಲೆ ಮತ್ತು ಎಡಭುಜವನ್ನು ರಪ್ ಅಂತ ಎಡಕ್ಕೆ ಎಸೆಯುತ್ತಾಳೆ. ಎದೆ ನೋಸ್ ಕಡೆ ತಿರುಗುತ್ತದೆ, ಹಿಂಗಾಲು ಟೇಲನ್ನು ಒದ್ದು ಹೊರಗೆ ತಳ್ಳುತ್ತದೆ, ಬೋರ್ಡ್ ತಿರುವಿನ ಮೇಲಿನ ಅರ್ಧವನ್ನು ಹಾರಿಸಿ ನೇರವಾಗಿ ಕೆಳಗಿನ ಅರ್ಧಕ್ಕೆ ಬಂದು ಬೀಳುತ್ತದೆ. ಬಂದು ನಿಂತಾಗ ಭಂಗಿ ನೋಡಬೇಕು: ಮಂಡಿ ನೆಟ್ಟಗೆ, ಸೊಂಟದಿಂದ ಮೇಲೆ ನೋಸ್ ಕಡೆಗೆ ಬಗ್ಗಿದೆ, ಎಡಗೈ ಮುಂದೆ ಏನನ್ನೋ ಹುಡುಕುತ್ತಿದೆ, ಕುಂಡಿ ಮಾತ್ರ ಹಿಂದಿನ ಬೈಂಡಿಂಗ್ ಮೇಲೆ. ಬಿದ್ದ ನಾಣ್ಯ ಎತ್ತಿಕೊಳ್ಳಲು ಹೋದವರ ಹಾಗೆ.

ಅವಳು ಸುಳ್ಳು ಹೇಳಿರಲಿಲ್ಲ. ತಲೆ ನಿಜವಾಗಿ ನೋಸ್ ಮೇಲೇ ಇತ್ತು.

ಇದನ್ನು ಮಾತಲ್ಲಿ ಹೇಳಿದರೆ ಅವಳಿಗೆ ನಂಬಿಕೆ ಬರಲಿಲ್ಲ. ಹಾಗಾಗಿ ಸಂಜೆ ಒಂದೇ ಥರದ ಎರಡು ತೂಕದ ಮಷಿನ್ ಹುಡುಕಿ ತಂದು, ನೆಲದ ಮೇಲೆ 58 ಸೆಂ.ಮೀ. ಅಂತರದಲ್ಲಿ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲು ಇಟ್ಟು ನಿಲ್ಲಿಸಿದೆ. ಅದೇ ಬೂಟು, ಅದೇ ಬಟ್ಟೆ. ಸುಮ್ಮನೆ ನಿಂತಾಗ 30 ಮತ್ತು 30. "ಈಗ ಬೆಟ್ಟದಲ್ಲಿ ಮಾಡೋ ಹಾಗೇ ಮುಂದೆ ಭಾರ ಹಾಕು" ಅಂದೆ. ಬಗ್ಗಿದಳು, ತಲೆ ಮುಂಗಾಲಿನ ನೆತ್ತಿಗೆ ಬಂತು, ಮುಖದಲ್ಲಿ ಪೂರ್ತಿ ವಿಶ್ವಾಸ. ಮಷಿನ್ ನೋಡಿದರೆ 31 ಮತ್ತು 29. ಇನ್ನೊಮ್ಮೆ ಮಾಡಿದಾಗ 29 ಮತ್ತು 31, ಅಂದರೆ ಭಾರ ಹಿಂದಕ್ಕೇ ಹೋಗಿತ್ತು! ಆಮೇಲೆ ನೆಟ್ಟಗೆ ನಿಲ್ಲಿಸಿ, ಮಂಡಿ ಸ್ವಲ್ಪ ಮಡಿಸಲು ಹೇಳಿ, ಹಿಂದಿನ ಸೊಂಟದ ಮೂಳೆಯನ್ನು ಒಂದೇ ಬೆರಳಿನಲ್ಲಿ ನೋಸ್ ಕಡೆಗೆ ಮೆಲ್ಲಗೆ ತಳ್ಳಿದೆ. ತಲೆ, ಭುಜ, ಸೊಂಟ ಎಲ್ಲ ಒಟ್ಟಿಗೆ ಸರಿದವು. ಆರು ಸೆಂ.ಮೀ. ಸರಿದಿರಬಹುದು. 36 ಮತ್ತು 24.

"ಇಷ್ಟೇನಾ? ಏನೂ ಮಾಡಿದ ಹಾಗೇ ಅನಿಸ್ತಿಲ್ಲವಲ್ಲೇ."

ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸಿದ ಮಾತು ಇದೇ. ಸರಿಯಾಗಿ ಭಾರ ಹಾಕಿದಾಗ ಏನೂ ಮಾಡಿದ ಹಾಗೆ ಅನಿಸುವುದಿಲ್ಲ, ತಪ್ಪಾಗಿ ಹಾಕಿದಾಗ ತುಂಬಾ ಮಾಡಿದ ಹಾಗೆ ಅನಿಸುತ್ತದೆ. ಕಾರಣ ಸರಳ. ನಿಂತ ಮನುಷ್ಯನ ದೇಹದ ತೂಕದ ನಡುಬಿಂದು ಹೊಕ್ಕುಳದ ಆಸುಪಾಸು, ಸೊಂಟದ ಮಟ್ಟದಲ್ಲಿ ಇರುತ್ತದೆ. ತಲೆ ಮುಂದೆ ಹೋಗಿ ಕುಂಡಿ ಅಷ್ಟೇ ಹಿಂದೆ ಹೋದರೆ ಆ ಬಿಂದು ಇದ್ದಲ್ಲೇ ಇರುತ್ತದೆ, ಜಮಾ ಖರ್ಚು ಸರಿಹೋಯಿತು ಅಷ್ಟೆ. ಸೊಂಟ ಸರಿದರೆ ಮಾತ್ರ ಭಾರ ಸರಿಯುತ್ತದೆ. ಲೆಕ್ಕ ಬೇಕಾದವರಿಗೆ: ಎರಡು ಕಾಲಿನ ನಡುವಿನ ಅಂತರ 58 ಸೆಂ.ಮೀ. ಇದ್ದಾಗ ನಡುಬಿಂದು 6 ಸೆಂ.ಮೀ. ಮುಂದೆ ಬಂದರೆ ನೂರಕ್ಕೆ 60ರಷ್ಟು ಭಾರ ಮುಂಗಾಲಿಗೆ ಬರುತ್ತದೆ. ಒಂದು ಅಂಗೈ ಅಗಲಕ್ಕಿಂತ ಕಡಿಮೆ ದೂರ. ಅಷ್ಟಕ್ಕೆ ನಾವು ಎಷ್ಟು ಕಿರುಚುತ್ತೇವೆ ಅಲ್ವಾ, ಮುಂದೆ ಮುಂದೆ ಅಂತ.

ಇನ್ನೊಂದು ವಿಷಯ, "ಮುಂದೆ ಭಾರ" ಅನ್ನುವುದು ಇಡೀ ತಿರುವಿಗೆ ಹೇಳಿದ ಮಾತಲ್ಲ. ತಿರುವು ಶುರು ಮಾಡುವಾಗ ನೋಸ್ ಕಡೆಯ ಎಡ್ಜ್ ಮೊದಲು ಕಚ್ಚಲಿ ಅಂತ ಮುಂದೆ. ಫಾಲ್ ಲೈನ್ ಹತ್ತಿರ ಎರಡೂ ಕಾಲಿಗೆ ಸಮ. ಮುಗಿಸುವಾಗ ಕೂದಲೆಳೆಯಷ್ಟು ಹಿಂದಕ್ಕೆ ಬಂದರೂ ತಪ್ಪಿಲ್ಲ, ಟೇಲ್ ಕಡೆಯ ಎಡ್ಜ್ ಕೂಡ ಕೆಲಸ ಮಾಡಬೇಕಲ್ಲ. ಕೊನೆವರೆಗೂ ಮುಂದೆಯೇ ಒತ್ತಿ ಹಿಡಿದರೆ ಟೇಲ್ ಹಗುರಾಗಿ ತಾನೇ ಜಾರಿಹೋಗುತ್ತದೆ. ಮೊದಲ ದಿನ ನಾನು ಕೊಟ್ಟ ಸಲಹೆ ಎರಡು ಥರದಲ್ಲೂ ಕೆಟ್ಟದಾಗಿತ್ತು ಅಂತ ಇಲ್ಲೇ ಒಪ್ಪಿಕೊಳ್ಳುತ್ತೇನೆ.

ಈಗ ಗಡಗಡ ಯಾಕೆ ಕೊನೆಯಲ್ಲೇ ಬರುತ್ತದೆ ಅನ್ನುವುದು. ಗಂಟೆಗೆ 25 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಆ ವೇಗದಲ್ಲಿ 8 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ದೇಹವನ್ನು ಒಳಕ್ಕೆ ಎಳೆದು ತಿರುಗಿಸಲು ಗುರುತ್ವದ ಸುಮಾರು 0.6 ಪಾಲಿನಷ್ಟು ಬಲ ಬೇಕು. ಇಳಿಜಾರಿನಲ್ಲಿ ಇದು ತಿರುವಿನ ಉದ್ದಕ್ಕೂ ಒಂದೇ ಸಮ ಎಡ್ಜ್ ಮೇಲೆ ಬೀಳುವುದಿಲ್ಲ. ತಿರುವಿನ ಮೇಲಿನ ಅರ್ಧದಲ್ಲಿ ಇಳಿಜಾರಿನ ಎಳೆತವೇ ನಮ್ಮನ್ನು ತಿರುವಿನ ಒಳಕ್ಕೆ ಎಳೆಯುತ್ತದೆ, ಎಡ್ಜ್‌ಗೆ ಕೆಲಸ ಕಮ್ಮಿ. ಕೆಳಗಿನ ಅರ್ಧದಲ್ಲಿ ಅದೇ ಎಳೆತ ಹೊರಕ್ಕೆ ತಿರುಗಿ ನಿಲ್ಲುತ್ತದೆ. 15 ಡಿಗ್ರಿ ಇಳಿಜಾರಿನಲ್ಲಿ ಆ ಎಳೆತ ಗುರುತ್ವದ ಕಾಲು ಪಾಲು. ಕೂಡಿ ಕಳೆದು ನೋಡಿದರೆ ಮೇಲೆ 0.35ರ ಹತ್ತಿರ, ಕೆಳಗೆ 0.85ರ ಹತ್ತಿರ. ಎರಡು ಪಟ್ಟಿಗೂ ಜಾಸ್ತಿ. ಮೇಲಿನ ಅರ್ಧದಲ್ಲಿ ಎಡ್ಜ್ ಹಾಕಿಕೊಂಡು ನಿಧಾನಕ್ಕೆ ಭಾರ ಕಟ್ಟುತ್ತಾ ಬಂದವರಿಗೆ ಇದು ಮೆಟ್ಟಿಲು ಹತ್ತಿದ ಹಾಗೆ. ಇವಳು ಮೇಲಿನ ಅರ್ಧವನ್ನೇ ಹಾರಿಸಿ ಬರುತ್ತಿದ್ದಳು. ಅಷ್ಟೂ ಭಾರ ಒಂದೇ ಏಟಿಗೆ, ಅದೂ ಮಂಡಿ ನೆಟ್ಟಗಿದ್ದಾಗ. ನೆಟ್ಟಗಿನ ಕಾಲು ಅಂದರೆ ಸ್ಪ್ರಿಂಗ್ ಇಲ್ಲದ ಗಾಡಿ. ಗಟ್ಟಿ ಹಿಮದ ಸಣ್ಣ ಉಬ್ಬು ಸಿಕ್ಕರೂ ಎಡ್ಜ್ ಎಗರುತ್ತದೆ, ಮತ್ತೆ ಬೀಳುತ್ತದೆ.

ಹಾಗಾದರೆ ಮಂಡಿ ಮಡಿಸು ಅಂದರೆ ಆಯಿತಲ್ಲ? ಅಂದೆ. ಮಡಿಸಿದಳು, ಆದರೆ ಎಡ್ಜ್ ಬಿಟ್ಟುಹೋಯಿತು. ಮತ್ತೆ ನೆಟ್ಟಗೆ ಮಾಡಿದಾಗ ಕಚ್ಚಿತು. ಇಲ್ಲಿ ನನಗೆ ತಲೆ ಕೆಟ್ಟದ್ದು ನಿಜ, ಅರ್ಧ ದಿನ ಅದರಲ್ಲೇ ಹೋಯಿತು. ಉತ್ತರ ಅವಳ ಮೀನಖಂಡದ ಹಿಂದೆ ಇತ್ತು. ಟೋ ಸೈಡ್‌ನಲ್ಲಿ ಬೋರ್ಡ್ ವಾಲಿಸಲು ಪಾದದ ಗಿಣ್ಣು ಇದೆ, ಬೆರಳುಗಳಿವೆ, ಮಂಡಿ ಇದೆ, ಎಲ್ಲವೂ ಹಿಮದ ಕಡೆಗೆ ಚೆನ್ನಾಗಿ ಬಾಗುತ್ತವೆ. ಹೀಲ್ ಸೈಡ್‌ನಲ್ಲಿ ಪಾದದ ಬೆರಳನ್ನು ಮೇಲಕ್ಕೆ ಎಳೆಯುವುದಕ್ಕೆ ಒಂದು ಮಿತಿ ಇದೆ, ಬೂಟಿನೊಳಗೆ ಇನ್ನೂ ಕಮ್ಮಿ. ಆ ಕೊರತೆ ತುಂಬುವುದೇ ಹೈಬ್ಯಾಕ್‌ನ ಕೆಲಸ. ಮೀನಖಂಡ ಅದಕ್ಕೆ ಒರಗಿದರೆ ಬೋರ್ಡ್ ವಾಲುತ್ತದೆ. ಹೈಬ್ಯಾಕ್ ನೆಟ್ಟಗೆ ಇದ್ದರೆ, ಮಂಡಿ ಮಡಿಸಿದ ಕೂಡಲೇ ಕಾಲು ಮುಂದಕ್ಕೆ ವಾಲಿ ಮೀನಖಂಡಕ್ಕೂ ಹೈಬ್ಯಾಕ್‌ಗೂ ನಡುವೆ ಸಂದು ಬಿಡುತ್ತದೆ. ಒರಗಲು ಗೋಡೆಯೇ ಇಲ್ಲ. ಎಡ್ಜ್ ಬೇಕು ಅಂದರೆ ಅವಳು ಕಾಲು ನೆಟ್ಟಗೆ ಮಾಡಿ ಹಿಂದಕ್ಕೆ ಒರಗಲೇಬೇಕು, ಹಿಂದಕ್ಕೆ ಒರಗಿದರೆ ಬೀಳದಿರಲು ಎದೆ ಮುಂದಕ್ಕೆ ಬಗ್ಗಲೇಬೇಕು. ನಾಣ್ಯ ಎತ್ತುವ ಭಂಗಿ ಅವಳ ಸೋಮಾರಿತನ ಅಲ್ಲ, ಉಪಕರಣ ಬಿಟ್ಟಿದ್ದ ಒಂದೇ ದಾರಿ.

ಹಾಗಾಗಿ ಮೊದಲು ಸ್ಕ್ರೂಡ್ರೈವರ್. ಹೈಬ್ಯಾಕ್ ಎರಡೂ ಕಾಲಿಗೆ ಎರಡೆರಡು ಹಲ್ಲು ಮುಂದಕ್ಕೆ ವಾಲಿಸಿದೆವು. ಬೈಂಡಿಂಗ್ ಒಂದೊಂದು ತೂತು ಒಳಕ್ಕೆ ತಂದೆವು, ಅಂದರೆ 58 ಇದ್ದದ್ದು 54 ಆಯಿತು. ಅವಳ ಎತ್ತರಕ್ಕೆ 58 ಜಾಸ್ತಿಯೇ ಆಗಿತ್ತು. ತೀರಾ ಅಗಲ ನಿಂತರೆ ಮಂಡಿ ಮಡಿಸುವುದೂ ಕಷ್ಟ, ಸೊಂಟ ಸರಿಸಬೇಕಾದ ದೂರವೂ ಹೆಚ್ಚು. ಹಿಂದಿನ ಕೋನ ಮೈನಸ್ 15 ಇಂದ ಮೈನಸ್ 9ಕ್ಕೆ. ಇದು ಅಷ್ಟೇನೂ ದೊಡ್ಡ ವ್ಯತ್ಯಾಸ ಮಾಡಿತು ಅಂತ ನನಗೆ ಅನಿಸುವುದಿಲ್ಲ, ಅವಳಿಗೆ ಹಿಂದಿನ ಮಂಡಿ ಆರಾಮ ಅನಿಸಿತು, ಇರಲಿ ಅಂತ ಬಿಟ್ಟೆವು. ಆಮೇಲೆ ಬೂಟು. ಕಟ್ಟಿದ ಮೇಲೂ ಹಿಮ್ಮಡಿ ಒಳಗೆ ಅರ್ಧ ಬೆರಳು ಮೇಲೇಳುತ್ತಿತ್ತು. ಒಳಬೂಟಿನ ದಾರ ಮೊದಲು ಬಿಗಿ ಮಾಡಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಕೂರಿಸಿ, ಆಮೇಲೆ ಹೊರಗಿನದು. ಎರಡು ನಿಮಿಷದ ಕೆಲಸ, ಮೂರು ಸೀಸನ್ ಯಾರೂ ಹೇಳಿರಲಿಲ್ಲ.

ಬೆಟ್ಟಕ್ಕೆ ಹೋಗಿ ತಿರುವನ್ನೇ ಮಾಡಿಸಲಿಲ್ಲ. ಮೊದಲು ಹೀಲ್ ಎಡ್ಜ್ ಮೇಲೆ ಅಡ್ಡಕ್ಕೆ ನಿಂತು ಸುಮ್ನೆ ಕೆಳಕ್ಕೆ ಜಾರುವುದು, ಎದೆ ನೆಟ್ಟಗೆ, ಕುರ್ಚಿ ಮೇಲೆ ಕೂರಲು ಹೊರಟು ಅರ್ಧಕ್ಕೆ ನಿಂತ ಹಾಗೆ. ಪೂರ್ತಿ ಕುಕ್ಕರಗಾಲು ಬೇಡ, ಅದರಲ್ಲಿ ಕಾಲಿಗೆ ಇನ್ನು ಮಡಿಯಲು ಜಾಗವೇ ಇರುವುದಿಲ್ಲ. ಜಾರುತ್ತಾ ಜಾರುತ್ತಾ ಬೂಟಿನೊಳಗೆ ಬೆರಳು ಮೇಲಕ್ಕೆ ಎಳೆ, ನಿಲ್ಲು, ಬಿಡು, ಜಾರು. ಬರೀ ಬೆರಳಿನಲ್ಲೇ ಬ್ರೇಕ್ ಹಾಕಬಹುದು ಅಂತ ಗೊತ್ತಾದಾಗ ಅವಳ ಸೊಂಟ ತಾನಾಗಿ ಬಗ್ಗುವುದು ಬಿಟ್ಟಿತು, ಯಾಕೆಂದರೆ ಅದರ ಅಗತ್ಯವೇ ಇರಲಿಲ್ಲ. ಆಮೇಲೆ ಹೀಲ್ ಎಡ್ಜ್ ಮೇಲೆ ಅಡ್ಡಡ್ಡ ಹೋಗಿ ಒಂದೇ ತೆಳು ಗೆರೆ ಬಿಡುವುದು. ಇದು ನೋಡೋಕೆ ಸುಲಭ, ಮಾಡೋಕೆ ಹೋದರೆ ಗೊತ್ತಾಗುತ್ತದೆ. ಮೊದಲ ನಾಲ್ಕೈದು ಸಲ ಒರೆಸಿದ ಗುರುತೇ. ಪ್ರತಿ ಸಲ ನಿಂತು ಹಿಂತಿರುಗಿ ಗೆರೆ ನೋಡು ಅಂದೆ, ನನ್ನ ಮಾತಿಗಿಂತ ಅದು ಬೇಗ ಕಲಿಸುತ್ತದೆ. ಆಮೇಲೆ ಅಡ್ಡ ಹೋಗುತ್ತಾ ಸೊಂಟ ಮುಂದೆ ಸರಿಸಿ ನೋಸ್ ಅನ್ನು ಅರ್ಧ ಕೆಳಕ್ಕೆ ಬಿಡುವುದು, ಮತ್ತೆ ಹೀಲ್ ಮೇಲೇ ಅಡ್ಡಕ್ಕೆ ತರುವುದು. ಒಂದು ಕೋಲನ್ನು ಸೊಂಟಕ್ಕೆ ಅಡ್ಡ ಹಿಡಿಸಿದ್ದೆ. ಕೋಲು ಬೋರ್ಡ್‌ಗೆ ಸಮಾನಾಂತರ ಇರಬೇಕು, ಅಷ್ಟೇ ನಿಯಮ. ಸೊಂಟ ನೋಸ್ ಕಡೆ ತಿರುಗಿದರೆ ಕೋಲಿನ ತುದಿ ಬೋರ್ಡ್ ಬಿಟ್ಟು ಹೊರಗೆ ಚಾಚುತ್ತದೆ, ಅವಳಿಗೇ ಕಾಣುತ್ತದೆ.

ಇಲ್ಲಿ ಒಂದು ಜಗಳದ ವಿಷಯ ಇದೆ. ಎದೆ ನೋಸ್ ಕಡೆ ತಿರುಗಿಸುವುದು ತಪ್ಪು ಅಂತ ನಾನು ಎಲ್ಲರಿಗೂ ಹೇಳುತ್ತಿಲ್ಲ. 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಚೆಕ್ ಆಟಗಾರ್ತಿ ಎಸ್ಟರ್ ಲೆಡೆಕ್ಕಾ ಸ್ಕೀಯಿಂಗ್‌ನ ಸೂಪರ್ ಜಿ ಮತ್ತು ಸ್ನೋಬೋರ್ಡ್‌ನ ಪ್ಯಾರಲಲ್ ಜೈಂಟ್ ಸ್ಲಾಲಮ್ ಎರಡರಲ್ಲೂ ಚಿನ್ನ ಗೆದ್ದದ್ದು ನೆನಪಿರಬಹುದು. ಆ ಸ್ನೋಬೋರ್ಡ್ ಓಟಗಾರರು ನೋಸ್ ಕಡೆಗೇ ಮುಖ ಮಾಡಿ ನಿಲ್ಲುತ್ತಾರೆ. ಆದರೆ ಅವರ ಕಾಲಲ್ಲಿ ಗಟ್ಟಿ ಬೂಟು, ಉದ್ದನೆಯ ಇಕ್ಕಟ್ಟು ಬೋರ್ಡ್, ಎರಡೂ ಪಾದ ಕಡಿದಾಗಿ ಮುಂದಕ್ಕೇ ತಿರುಗಿರುತ್ತವೆ. ಅವರ ಸೊಂಟ ಮುಂದೆ ನೋಡುವುದು ಸಹಜ. ಬಾತುಕೋಳಿ ಕೋನದಲ್ಲಿ ಮೆತ್ತನೆ ಬೂಟು ಹಾಕಿಕೊಂಡು ಅದೇ ಭಂಗಿ ನಕಲು ಮಾಡಿದರೆ ಸೊಂಟ ತಿರುಚಿಕೊಂಡು ಕುಂಡಿ ಟೇಲ್ ಕಡೆ ಹೋಗುತ್ತದೆ. ಹಾಗೇ "ಹಿಂದಿನ ಕೈಯಲ್ಲಿ ಮುಂದಿನ ಮಂಡಿ ಮುಟ್ಟು" ಅನ್ನುವ ಪ್ರಸಿದ್ಧ ಅಭ್ಯಾಸ ಇದೆ, ಎದೆ ಬಿಗಿದು ಟೇಲ್ ಕಡೆಗೆ ಮುಚ್ಚಿಕೊಂಡು ಇಳಿಯುವವರಿಗೆ ಅದು ಒಳ್ಳೆಯದೇ. ಆಗಲೇ ಜಾಸ್ತಿ ತೆರೆದುಕೊಂಡವಳಿಗೆ ಅದೇ ಔಷಧಿ ಕೊಟ್ಟರೆ ರೋಗ ಹೆಚ್ಚುತ್ತದೆ. ನೋಟ ಮಾತ್ರ ಎಲ್ಲರಿಗೂ ಒಂದೇ, ಹೋಗಬೇಕಾದ ಕಡೆ ಕಣ್ಣು ಮೊದಲು ಹೋಗಬೇಕು. ಕುತ್ತಿಗೆ ಅದಕ್ಕೇ ತಿರುಗುವುದು, ಎದೆಯನ್ನೂ ಜೊತೆಗೆ ಎಳೆದುಕೊಂಡು ಹೋಗಬೇಕಿಲ್ಲ.

ಪೂರ್ತಿ ತಿರುವಿಗೆ ಬಂದಾಗ ಕಷ್ಟ ಆದದ್ದು ಹೀಲ್ ಸೈಡ್ ಅಲ್ಲವೇ ಅಲ್ಲ, ಟೋ ಸೈಡ್‌ನ ಕೊನೆ. ಆ ಸುರಕ್ಷಿತ ಜಾಗ ಬಿಡುವುದು. ಹಿಂಗಾಲಿನ ಮೇಲೆ ನಿಂತು ಬೋರ್ಡ್ ತಿರುಗಿಸಲು ಒದೆಯುವುದೊಂದೇ ದಾರಿ. ಅದರ ಬದಲು ಟೋ ಎಡ್ಜ್ ಮೇಲೆ ಇರುವಾಗಲೇ ಸೊಂಟ ನೋಸ್ ಕಡೆ ಸರಿದು, ಆಮೇಲೆ ಬೋರ್ಡ್ ಒಂದು ಕ್ಷಣ ಚಪ್ಪಟೆ ಆಗಿ, ನೋಸ್ ತಾನಾಗಿ ಕೆಳಕ್ಕೆ ಬೀಳಲು ಬಿಟ್ಟು, ಇನ್ನೂ ಪೂರ್ತಿ ಕೆಳಮುಖ ಆಗುವ ಮುಂಚೆಯೇ ಬೆರಳು ಎತ್ತಿ ಹೀಲ್ ಎಡ್ಜ್ ಹಿಡಿಯಬೇಕು. ಆ ಚಪ್ಪಟೆ ಕ್ಷಣವೇ ಹೆದರಿಕೆ. ಅಲ್ಲಿ ಕೆಳಗಿನ ಎಡ್ಜ್ ಹಿಮಕ್ಕೆ ಸಿಕ್ಕಿಕೊಂಡರೆ ಬೀಳುವ ಏಟು ಬಲವಾಗಿರುತ್ತದೆ, ಮಣಿಕಟ್ಟಿಗೆ ಗಾರ್ಡ್ ಇಲ್ಲದೆ ಇದನ್ನು ಅಭ್ಯಾಸ ಮಾಡಿಸಲು ನಾನು ಒಪ್ಪುವುದಿಲ್ಲ. ಹಾಗಾಗಿ ತೀರಾ ಚಪ್ಪಟೆ ಅನ್ನುವಂಥ ಇಳಿಜಾರಿಗೆ ವಾಪಸ್ ಹೋದೆವು. ಅವಳಿಗೆ ಅವಮಾನ ಅನಿಸಿತು, ಸುತ್ತ ಎಲ್ಲ ಮೊದಲ ದಿನದವರು. ನಾನು ಬಾಯಲ್ಲಿ ಎಣಿಸಲು ಹೇಳಿದ್ದೆ, ಒಂದು ಅಂದಾಗ ಸೊಂಟ, ಎರಡು ಅಂದಾಗ ಬೆರಳು, ಮೂರು ಅಂದಾಗ ಕೂರು. ಹೆಲ್ಮೆಟ್ ಒಳಗಿಂದ ಒಂದು ಎರಡು ಮೂರು ಅಂತ ಕಿರುಚುತ್ತಾ ಇಳಿಯುವವಳನ್ನು ಮಕ್ಕಳು ತಿರುಗಿ ತಿರುಗಿ ನೋಡಿದವು. ಒಂದಕ್ಕೂ ಎರಡಕ್ಕೂ ನಡುವೆ ಅವಸರ ಮಾಡಿದಾಗಲೆಲ್ಲ ಹಳೇ ಒದೆತ ವಾಪಸ್ ಬರುತ್ತಿತ್ತು.

ಫಲಿತಾಂಶ ಪೂರ್ತಿ ಸಿಹಿಯೇನಲ್ಲ. ಮೊದಲ ಎರಡು ದಿನ ಅವಳ ಒಳ್ಳೆಯ ಟೋ ಸೈಡ್ ಕೆಟ್ಟಿತು. ಹೈಬ್ಯಾಕ್ ಮುಂದೆ ತಳ್ಳುತ್ತಿರುವುದರಿಂದ ಬೋರ್ಡ್ ಚಪ್ಪಟೆ ಇಡುವುದೇ ಕಷ್ಟ, ಸುಮ್ನೆ ನೇರ ಹೋಗುವಾಗಲೂ ಹೀಲ್ ಎಡ್ಜ್ ಹಿಡಿದುಕೊಳ್ಳುತ್ತದೆ ಅಂತ ಗೊಣಗಿದಳು. ತೊಡೆ ಉರಿಯುತ್ತದೆ ಅಂದಳು. ಒಂದು ಹಲ್ಲು ವಾಪಸ್ ತಂದೆವು, ಅದರಲ್ಲೇ ನೆಲೆಯಾದಳು. ಐದನೇ ದಿನ ಬೆಳಗ್ಗೆ ಅದೇ ಹಳೇ ಇಳಿಜಾರಿನಲ್ಲಿ ಮತ್ತೆ ಗೆರೆ ನೋಡುತ್ತಾ ಇಳಿದೆ. 11 ಹೀಲ್ ಸೈಡ್ ತಿರುವಿನಲ್ಲಿ 8ಕ್ಕೆ ಮೇಲಿನ ಅರ್ಧದಲ್ಲೇ ಗೆರೆ ಶುರುವಾಗಿತ್ತು, ತಗಡಿನ ಅಲೆ ಎರಡೇ ಎರಡು ಕಡೆ. ಟೋ ಸೈಡ್‌ನಷ್ಟು ತೆಳು ಇಲ್ಲ, ಎರಡು ಅಂಗೈ ಅಗಲ ಇತ್ತು. ಬೀಳಲಿಲ್ಲ.

ಮಧ್ಯಾಹ್ನ ಇನ್ನೂ ಕಡಿದಾದ ಇಳಿಜಾರಿಗೆ ಹೋದಾಗ ಮೊದಲ ತಿರುವಿಗೇ ಮಂಡಿ ನೆಟ್ಟಗೆ, ತಲೆ ನೋಸ್ ಮೇಲೆ, ಗಡಗಡ. ಈ ಸಲ ನಾನು ಬಾಯಿ ಬಿಡುವ ಮುಂಚೆ ಅವಳೇ ನಿಂತು, ಹಿಮದ ಮೇಲಿನ ಬೀಸಣಿಗೆ ನೋಡಿ, ಕೈಯನ್ನು ಸೊಂಟದ ಮೇಲೆ ಇಟ್ಟು ಮುಂದಕ್ಕೆ ತಳ್ಳಿಕೊಂಡಳು, ಆ ತೂಕದ ಮಷಿನ್ ಮೇಲೆ ನಿಂತ ದಿನ ನಾನು ತಳ್ಳಿದ ಹಾಗೇ.